ಹೊಸ ಮಾನಿಟರ್‌ಗೆ ಮೊದಲ ದಿನ ಒಂದು ಗಂಟೆ ಕೊಡಿ

ನನ್ನ ಅಕ್ಕ ಹೊಸ ಮಾನಿಟರ್ ತಂದು ಹದಿನೈದು ದಿನ ಆಗಿತ್ತು. ಫೋನ್ ಮಾಡಿ, "ಇದನ್ನ ವಾಪಸ್ ಕೊಟ್ಬಿಡ್ತೀನಿ ಕಣೋ. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತೆ, ಅಕ್ಷರ ಎಲ್ಲ ಮಸುಕು ಮಸುಕು" ಅಂದಳು. ಹೋಗಿ ನೋಡಿದೆ. ಪರದೆಯ ಹಿಂದೆಯೇ ದೊಡ್ಡ ಕಿಟಕಿ. ಬ್ರೈಟ್‌ನೆಸ್ ನೂರಕ್ಕೆ ನೂರು. 1920×1080 ಪಿಕ್ಸೆಲ್ ಇರುವ ಪರದೆ 1600×900ರಲ್ಲಿ ಓಡುತ್ತಿತ್ತು. ಇಬ್ಬರೂ ಸೇರಿ ಮೇಜು ತಿರುಗಿಸಿದೆವು, ಒಂದೆರಡು ಸೆಟ್ಟಿಂಗ್ ಬದಲಿಸಿದೆವು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಆ ಮಾನಿಟರ್ ಈಗಲೂ ಅವಳ ಮೇಜಿನ ಮೇಲಿದೆ.

ಮಾನಿಟರ್ ಬಗ್ಗೆ ನಾನು ಕೇಳಿದ ದೂರುಗಳಲ್ಲಿ ಬಹಳಷ್ಟು ಹೀಗೇ ಇದ್ದವು. ವಸ್ತು ಚೆನ್ನಾಗಿಯೇ ಇರುತ್ತದೆ, ಕೂರಿಸುವಾಗ ಅವಸರ ಆಗಿರುತ್ತದೆ. ಕೇಬಲ್ ಚುಚ್ಚಿದ ಕೂಡಲೇ ಚಿತ್ರ ಬಂತು ಅಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ನೋಡುವ ವಸ್ತು ಅದು. ಮೊದಲ ದಿನ ಒಂದು ಗಂಟೆ ಕೂತು ಸರಿಮಾಡಿಕೊಂಡರೆ ಮುಂದಿನ ಏಳೆಂಟು ವರ್ಷ ಕಣ್ಣಿಗೂ ಕುತ್ತಿಗೆಗೂ ಆರಾಮ. ಆ ಒಂದು ಗಂಟೆಯಲ್ಲಿ ಏನೇನು ಮಾಡಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು ಅಂತ ಇಲ್ಲಿ ಹೇಳುತ್ತೇನೆ.

ಡಬ್ಬಿ ಬಿಚ್ಚುವಾಗ

ಪ್ಯಾನೆಲ್ ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಒಂದು ಮಿಲಿಮೀಟರ್‌ಗಿಂತ ತೆಳುವಾದ ಎರಡು ಗಾಜಿನ ಹಾಳೆ, ನಡುವೆ ಲಿಕ್ವಿಡ್ ಕ್ರಿಸ್ಟಲ್‌ನ ಸಣ್ಣ ಪದರ. ಒಂದು ಹೆಬ್ಬೆರಳು ಜೋರಾಗಿ ಒತ್ತಿದರೂ ಸಾಕು, ಶಾಶ್ವತವಾದ ಕಲೆ ಉಳಿಯಬಹುದು. ಹಾಗಾಗಿ ಎತ್ತುವಾಗ ಮುಂಭಾಗಕ್ಕೆ ಬೆರಳು ತಾಗಿಸಬೇಡಿ. ಎರಡೂ ಕೈಯಿಂದ ಅಂಚು ಹಿಡಿಯಿರಿ, ಅಥವಾ ಹಿಂದಿನ ಸ್ಟ್ಯಾಂಡ್‌ನ ಕಂಬ ಹಿಡಿಯಿರಿ.

ಡಬ್ಬಿಯನ್ನು ನೆಲದ ಮೇಲೆ ಮಲಗಿಸಿ ಬಿಚ್ಚಿ. ಟೇಪ್ ಕತ್ತರಿಸುವಾಗ ಚಾಕು ಒಳಗೆ ಇಳಿಸಬೇಡಿ. ಹೆಚ್ಚಿನ ಮಾನಿಟರ್‌ಗಳು ಥರ್ಮೋಕೋಲ್ ಒಳಗೆ ಮುಖ ಕೆಳಗೆ ಮಾಡಿ ಮಲಗಿರುತ್ತವೆ. ಅದು ಅನುಕೂಲಕ್ಕೇ ಇರುವುದು. ಪ್ಯಾನೆಲ್ ಅಲ್ಲೇ ಮಲಗಿರಲಿ, ಸ್ಟ್ಯಾಂಡನ್ನು ಅದರ ಬೆನ್ನಿಗೆ ಜೋಡಿಸಿ, ಅಡಿಯ ತಟ್ಟೆಯ ಸ್ಕ್ರೂ ಬಿಗಿ ಮಾಡಿ, ಆಮೇಲೆ ಎತ್ತಿ ನಿಲ್ಲಿಸಿ. ಮೊದಲೇ ಹೊರಗೆ ತೆಗೆದುಬಿಟ್ಟಿದ್ದರೆ ಮೇಜಿನ ಮೇಲೆ ದಪ್ಪ ಮೆತ್ತನೆ ಬಟ್ಟೆ ಹಾಸಿ ಅದರ ಮೇಲೆ ಮಲಗಿಸಿ. ಬಟ್ಟೆ ಕೆಳಗೆ ಪೆನ್ನೋ ಸ್ಕ್ರೂನೋ ಸಿಕ್ಕಿಕೊಂಡಿಲ್ಲ ಅಂತ ಕೈಯಾಡಿಸಿ ನೋಡಿ.

ಗೋಡೆಗೆ ಅಥವಾ ಮಾನಿಟರ್ ಆರ್ಮ್‌ಗೆ ಹಾಕುವವರು ಬೆನ್ನಿನ ನಾಲ್ಕು ತೂತು ಅಳೆದುಕೊಳ್ಳಿ. ಇವು ವೆಸಾ ಅನ್ನುವ, ಎಲ್ಲ ಕಂಪನಿಗೂ ಸಾಮಾನ್ಯವಾದ ಅಳತೆಯವು. ಸಾಮಾನ್ಯವಾಗಿ ತೂತಿನಿಂದ ತೂತಿಗೆ 75 ಅಥವಾ 100 ಮಿಲಿಮೀಟರ್ ಇರುವ ಚೌಕ, ಸ್ಕ್ರೂ 4 ಮಿಲಿಮೀಟರ್ ದಪ್ಪದ್ದು. ಮಾನಿಟರ್ ಜೊತೆ ಬಂದ ಸ್ಕ್ರೂಗಳನ್ನೇ ಬಳಸಿ. ಕೈಗೆ ಸಿಕ್ಕಿದ ಉದ್ದನೆಯ ಸ್ಕ್ರೂ ತಿರುಗಿಸಿದರೆ ಅದು ಒಳಗಿನ ಬೋರ್ಡಿಗೆ ಚುಚ್ಚುತ್ತದೆ. ಆರ್ಮ್ ಎಷ್ಟು ಕಿಲೋ ತಡೆಯುತ್ತದೆ ಅಂತಲೂ ನೋಡಿ. ಮಾನಿಟರ್ ತೂಕವನ್ನು ಸ್ಟ್ಯಾಂಡ್ ಇಲ್ಲದೆ ಲೆಕ್ಕ ಹಾಕಬೇಕು.

ಇನ್ನೊಂದು ಮಾತು. ಚಳಿಯಲ್ಲಿ ಸಾಗಿಸಿ ಬೆಚ್ಚಗಿನ ಕೋಣೆಗೆ ತಂದಿದ್ದರೆ ತಕ್ಷಣ ಆನ್ ಮಾಡಬೇಡಿ. ತಣ್ಣನೆಯ ಚೊಂಬಿನ ಮೇಲೆ ನೀರು ಬೆವರುವ ಹಾಗೆ ಒಳಗಿನ ಬೋರ್ಡಿನ ಮೇಲೂ ತೇವ ಕೂರುತ್ತದೆ. ಎರಡು ಮೂರು ಗಂಟೆ ಬಿಟ್ಟು ಕರೆಂಟ್ ಕೊಡಿ. ಡಬ್ಬಿ, ಥರ್ಮೋಕೋಲ್ ಎಸೆಯಬೇಡಿ. ಜಾಗ ಇದ್ದರೆ ಕಡೇ ಪಕ್ಷ ವಾರಂಟಿ ಮುಗಿಯುವ ತನಕ ಇಟ್ಟುಕೊಳ್ಳಿ. ಮನೆ ಬದಲಾಯಿಸುವಾಗ ಅದರಷ್ಟು ಚೆನ್ನಾಗಿ ಹೊಂದುವ ಡಬ್ಬಿ ಬೇರೆ ಸಿಗುವುದಿಲ್ಲ.

ಎಲ್ಲಿ ಇಡಬೇಕು, ಎಷ್ಟು ಎತ್ತರಕ್ಕೆ

ಮೊದಲು ಬೆಳಕು. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಪರದೆಯ ಹಿಂದಿದ್ದರೆ ಕಣ್ಣಿಗೆ ನೇರ ಬೆಳಕು ಹೊಡೆಯುತ್ತದೆ. ಕಿಟಕಿ ಎಡಕ್ಕೋ ಬಲಕ್ಕೋ ಬರುವ ಹಾಗೆ ಮೇಜು ತಿರುಗಿಸಿ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಮಾನಿಟರ್ ಆಫ್ ಮಾಡಿ, ನೀವು ಕೂರುವ ಕುರ್ಚಿಯಲ್ಲೇ ಕೂತು ಕಪ್ಪು ಪರದೆಯನ್ನು ನೋಡಿ. ಟ್ಯೂಬ್‌ಲೈಟ್, ಕಿಟಕಿ, ನಿಮ್ಮ ಬಿಳಿ ಅಂಗಿ, ಏನೇನು ಅದರಲ್ಲಿ ಹೊಳೆಯುತ್ತದೋ ಅದೆಲ್ಲ ಪರದೆ ಆನ್ ಆದಾಗಲೂ ಅಕ್ಷರದ ಮೇಲೆ ಕೂತಿರುತ್ತದೆ. ನಿಮಗೆ ಕಾಣದಿದ್ದರೂ ಕಣ್ಣು ಅದರ ಜೊತೆ ಹೋರಾಡುತ್ತಲೇ ಇರುತ್ತದೆ. ಹೊಳಪು ಕಾಣದ ಜಾಗ ಸಿಗುವವರೆಗೆ ಮಾನಿಟರನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಬಗ್ಗಿಸಿ.

ಆಮೇಲೆ ದೂರ. ಕುರ್ಚಿಗೆ ಬೆನ್ನು ಒರಗಿಸಿ ಕೂತು ಕೈ ಚಾಚಿ. ಬೆರಳ ತುದಿ ಪರದೆಗೆ ತಾಗಿಯೂ ತಾಗದ ಹಾಗಿದ್ದರೆ 24 ಇಂಚಿನ ಮಾನಿಟರ್‌ಗೆ ಸರಿ. ಸುಮಾರು 50ರಿಂದ 70 ಸೆಂಟಿಮೀಟರ್ ಆಗುತ್ತದೆ. 27 ಇಂಚಿನದನ್ನು ಸ್ವಲ್ಪ ಹಿಂದಕ್ಕೆ, 32 ಇಂಚಿನದನ್ನು ಇನ್ನೂ ಹಿಂದಕ್ಕೆ ಸರಿಸಿ. ಮೂಲೆಯಿಂದ ಮೂಲೆಗೆ ನೋಡಲು ಕುತ್ತಿಗೆ ತಿರುಗಿಸಬೇಕಾದರೆ ಹತ್ತಿರ ಜಾಸ್ತಿ ಆಯಿತು ಅಂತ ಅರ್ಥ. ಓದಲು ಮುಂದಕ್ಕೆ ಬಾಗಬೇಕಾದರೆ ಮಾನಿಟರನ್ನು ಹತ್ತಿರ ಎಳೆಯುವ ಮೊದಲು ಅಕ್ಷರ ದೊಡ್ಡದು ಮಾಡಿ ನೋಡಿ.

ಎತ್ತರದ ವಿಷಯದಲ್ಲಿ ತಪ್ಪುವವರೇ ಹೆಚ್ಚು. ಪರದೆಯ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಒಂದೆರಡು ಬೆರಳು ಕೆಳಗೆ ಇರಬೇಕು. ಆಗ ಓದುವ ಜಾಗ ತಾನಾಗೇ ಸ್ವಲ್ಪ ಕೆಳಗೆ ಬರುತ್ತದೆ, ರೆಪ್ಪೆ ಅರ್ಧ ಇಳಿದಿರುತ್ತದೆ, ಕಣ್ಣು ಬೇಗ ಒಣಗುವುದಿಲ್ಲ. ಸ್ಟ್ಯಾಂಡ್ ಏರಿಸಲು ಆಗದಿದ್ದರೆ ಅಡಿಗೆ ಗಟ್ಟಿಯಾದ ಮರದ ಹಲಗೆ ಅಥವಾ ದಪ್ಪ ಪುಸ್ತಕ ಇಟ್ಟರೂ ಆಯಿತು, ಅಲುಗಾಡಬಾರದು ಅಷ್ಟೇ. ಪರದೆಯನ್ನು 10ರಿಂದ 20 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿ. ಪುಸ್ತಕ ಹಿಡಿದಾಗ ಹೇಗೆ ಸ್ವಲ್ಪ ವಾಲಿಸಿ ಹಿಡಿಯುತ್ತೇವೋ ಹಾಗೆ.

ಕೆಳಭಾಗದಲ್ಲಿ ಓದುವ ಪವರ್ ಇರುವ ಕನ್ನಡಕ, ಅಂದರೆ ಬೈಫೋಕಲ್ ಅಥವಾ ಪ್ರೋಗ್ರೆಸ್ಸಿವ್ ಹಾಕುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಅಕ್ಷರ ಕಾಣಲು ಗದ್ದ ಮೇಲೆತ್ತಿ ನೋಡುತ್ತಾರೆ. ಸಂಜೆಗೆ ಹಿಂಗುತ್ತಿಗೆ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಹಿರಿಯರು ಕಂಪ್ಯೂಟರ್ ಬಳಸುತ್ತಿದ್ದರೆ ಅವರು ಹೇಗೆ ಕೂತು ನೋಡುತ್ತಿದ್ದಾರೆ ಅಂತ ಒಮ್ಮೆ ಪಕ್ಕದಿಂದ ಗಮನಿಸಿ. ಗದ್ದ ಎತ್ತಿದ್ದರೆ ಮಾನಿಟರನ್ನು ನಾಲ್ಕೈದು ಬೆರಳು ಇಳಿಸಿ, ಸ್ವಲ್ಪ ಜಾಸ್ತಿ ಹಿಂದಕ್ಕೆ ವಾಲಿಸಿ. ಅವರಾಗಿ ಕೇಳುವುದಿಲ್ಲ, ವಯಸ್ಸಾಯ್ತು ಅದಕ್ಕೇ ನೋವು ಅಂದುಕೊಂಡು ಸುಮ್ನೆ ಇರುತ್ತಾರೆ.

ಎರಡು ಮಾನಿಟರ್ ಇದ್ದರೆ ಜಾಸ್ತಿ ನೋಡುವುದು ನೇರ ಎದುರಿಗಿರಲಿ, ಇನ್ನೊಂದು ಪಕ್ಕಕ್ಕೆ ಸ್ವಲ್ಪ ಒಳಮುಖವಾಗಿ. ಎರಡನ್ನೂ ಸಮನಾಗಿ ನೋಡುವವರು ಮಾತ್ರ ನಡುವಿನ ಗೆರೆಯನ್ನು ಮೂಗಿನ ನೇರಕ್ಕೆ ತನ್ನಿ. ಎರಡರ ಮೇಲಂಚೂ ಒಂದೇ ಮಟ್ಟದಲ್ಲಿರಲಿ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಎರಡು ಚೌಕಗಳನ್ನು ಎಳೆದು ಮೇಜಿನ ಮೇಲಿರುವ ಕ್ರಮದಲ್ಲೇ ಜೋಡಿಸಿ. ಇಲ್ಲದಿದ್ದರೆ ಮೌಸ್ ಬಲಕ್ಕೆ ಹೋಗಬೇಕಾದಾಗ ಎಡದಲ್ಲಿ ಹುಡುಕುತ್ತಿರುತ್ತೀರಿ.

ಕೇಬಲ್ ಅಂದರೆ ಬರೀ ತಂತಿ ಅಲ್ಲ

ಹಿಂದೆ ನೀಲಿ ತಲೆಯ, ಎರಡು ಕಡೆ ಸ್ಕ್ರೂ ತಿರುಗಿಸುವ ವಿಜಿಎ ಕೇಬಲ್ ಇರುತ್ತಿತ್ತಲ್ಲ, ಅದು 1987ರಲ್ಲಿ ಐಬಿಎಂ ಕಂಪ್ಯೂಟರ್ ಜೊತೆ ಬಂದದ್ದು. ಅದು ಅನಲಾಗ್. ಇವತ್ತಿನ ಪರದೆಗೆ ಅದನ್ನು ಹಾಕಿದರೆ ಅಕ್ಷರದ ಅಂಚು ಸ್ವಲ್ಪ ಹರಡಿದ ಹಾಗೆ ಕಾಣಬಹುದು. ಬೇರೆ ದಾರಿ ಇದ್ದರೆ ಬಳಸಬೇಡಿ. ಈಗ ಮುಖ್ಯವಾಗಿ ಇರುವುದು ಮೂರು: ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್, ಯುಎಸ್‌ಬಿ-ಸಿ.

ಒಂದೇ ಥರ ಕಾಣುವ ಕೇಬಲ್, ಒಂದೇ ಥರ ಕಾಣುವ ಪೋರ್ಟ್, ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ಒಂದು ಲೆಕ್ಕ ನೋಡಿ. 4ಕೆ ಪರದೆ ಅಂದರೆ 3840×2160, ಹತ್ತಿರ ಹತ್ತಿರ 83 ಲಕ್ಷ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 24 ಬಿಟ್ ಬಣ್ಣದ ಮಾಹಿತಿ. ಅದನ್ನು ಸೆಕೆಂಡಿಗೆ 60 ಸಲ ಕಳಿಸಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 12 ಗಿಗಾಬಿಟ್. ಎಚ್‌ಡಿಎಂಐ 1.4ರ ಒಟ್ಟು ಸಾಮರ್ಥ್ಯವೇ 10.2 ಗಿಗಾಬಿಟ್. ಹಾಗಾಗಿ ಅದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಸಾಮಾನ್ಯವಾಗಿ ಕಳಿಸುತ್ತದೆ. ಎಚ್‌ಡಿಎಂಐ 2.0 ಆದರೆ 18 ಗಿಗಾಬಿಟ್, 60 ಸಲ ಆರಾಮಾಗಿ ಬರುತ್ತದೆ. 2.1 ಆದರೆ 48. ಡಿಸ್‌ಪ್ಲೇ ಪೋರ್ಟ್ 1.2ರಿಂದಲೇ 4ಕೆ 60 ಬರುತ್ತದೆ.

30 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 30 ಸಲ) ಏನಾಗುತ್ತದೆ ಅಂದರೆ, ಸುಮ್ಮನೆ ನಿಂತ ಚಿತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೌಸ್ ಎಳೆದು ನೋಡಿ. ಬಾಣ ಕೈಯ ಹಿಂದೆ ಹಿಂದೆ ತೂಗುತ್ತಾ ಬರುತ್ತದೆ. ಪುಟ ಸರಿಸಿದರೆ ಅಕ್ಷರ ಎಗರಿ ಎಗರಿ ಹೋಗುತ್ತವೆ. ಕಂಪ್ಯೂಟರ್ ನಿಧಾನ ಆಯಿತು ಅಂತ ರ‍್ಯಾಮ್ ಹಾಕಿಸಲು ಹೊರಡುವ ಮೊದಲು ಕೇಬಲ್ ನೋಡಿ. ಕಂಪ್ಯೂಟರ್‌ನ ಪೋರ್ಟ್, ಕೇಬಲ್, ಮಾನಿಟರ್‌ನ ಪೋರ್ಟ್, ಈ ಮೂರರಲ್ಲಿ ಯಾವುದು ಕಡಿಮೆಯದೋ ಅಷ್ಟೇ ವೇಗ ಸಿಗುವುದು. ಡಬ್ಬಿಯಲ್ಲಿ ಬಂದ ಕೇಬಲ್ ಬಳಸುವುದು ಒಳ್ಳೆಯದು, ಆ ಮಾನಿಟರ್‌ಗೆ ಬೇಕಾದಷ್ಟು ಶಕ್ತಿ ಅದಕ್ಕೆ ಸಾಮಾನ್ಯವಾಗಿ ಇರುತ್ತದೆ.

ಯುಎಸ್‌ಬಿ-ಸಿ ಬಗ್ಗೆ ಎಚ್ಚರ. ಫೋನ್ ಚಾರ್ಜ್ ಮಾಡುವ ಕೇಬಲ್ ಹಾಕಿದರೆ ಹೆಚ್ಚಿನ ಸಲ ಚಿತ್ರ ಬರುವುದಿಲ್ಲ. ಚಿತ್ರ ಸಾಗಿಸುವ ತಂತಿಗಳೇ ಅದರಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್‌ನ ಪೋರ್ಟ್ ಕೂಡ ಚಿತ್ರ ಕಳಿಸುವಂಥದ್ದೇ ಆಗಿರಬೇಕು. ಪೋರ್ಟ್ ಪಕ್ಕ ಡಿಸ್‌ಪ್ಲೇ ಪೋರ್ಟ್‌ನ ಅಥವಾ ಥಂಡರ್‌ಬೋಲ್ಟ್‌ನ ಗುರುತು ಇದ್ದರೆ ಧೈರ್ಯವಾಗಿ ಹಾಕಿ, ಗುರುತು ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಕೈಪಿಡಿ ನೋಡಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಆದರೆ ಕೇಬಲನ್ನು ಆ ಕಾರ್ಡಿನ ಪೋರ್ಟಿಗೇ ಹಾಕಬೇಕು. ಹಿಂಭಾಗದಲ್ಲಿ ಮೇಲೆ ಯುಎಸ್‌ಬಿ ಪೋರ್ಟ್‌ಗಳ ಜೊತೆ ಇರುವುದು ಮದರ್‌ಬೋರ್ಡಿನದು. ಕೆಳಗೆ ಅಡ್ಡಸಾಲಿನಲ್ಲಿ ಪ್ರತ್ಯೇಕವಾಗಿ ಇರುವುದು ಕಾರ್ಡಿನದು. ಇನ್ನು ಡಿಸ್‌ಪ್ಲೇ ಪೋರ್ಟ್ ಕೇಬಲ್ ಬಿಚ್ಚುವಾಗ ತಲೆಯ ಮೇಲಿನ ಸಣ್ಣ ಗುಂಡಿ ಒತ್ತಿ ಎಳೆಯಿರಿ. ಅದರ ಕೊಕ್ಕೆ ಒಳಗೆ ಕಚ್ಚಿಕೊಂಡಿರುತ್ತದೆ. ಹಾಗೇ ಜಗ್ಗಿದರೆ ಪೋರ್ಟೇ ಕಿತ್ತುಬರಬಹುದು.

ಅಕ್ಷರ ಸ್ಪಷ್ಟ ಕಾಣಬೇಕಾದರೆ

ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳು ಎಣಿಸಿ ಇಟ್ಟ ಹಾಗೆ ಇರುತ್ತವೆ. 1920×1080 ಅಂದರೆ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನೀವು 1600×900 ಅಂತ ಹೇಳಿದರೆ ಒಂದು ಪಿಕ್ಸೆಲ್‌ನ ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ 1.2 ಪಿಕ್ಸೆಲ್ ಮೇಲೆ ಹರಡಬೇಕು. ಅದು ಅಂಚನ್ನು ಕದಡಿಬಿಡುತ್ತದೆ. ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ಅಕ್ಷರ ಸಣ್ಣದು ಕಾಣುತ್ತೆ ಅಂತ ಯಾರೋ ರೆಸಲ್ಯೂಷನ್ ಇಳಿಸಿಕೊಟ್ಟಿದ್ದರು.

ಕನ್ನಡ ಓದುವವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ. "ರಾಷ್ಟ್ರ", "ಲಕ್ಷ್ಮಿ", "ಸ್ವಾತಂತ್ರ್ಯ" ಅಂತ ಟೈಪ್ ಮಾಡಿ, ಸಾಮಾನ್ಯ ಗಾತ್ರದಲ್ಲೇ ಇಟ್ಟು ಒತ್ತಕ್ಷರಗಳನ್ನು ನೋಡಿ. ಒತ್ತು ಬಂದಷ್ಟೂ ಗೆರೆ ಸಣ್ಣದಾಗುತ್ತದೆ, ನಡುವಿನ ಸಂದು ಒಂದೆರಡು ಪಿಕ್ಸೆಲ್‌ಗೆ ಇಳಿಯುತ್ತದೆ. ರೆಸಲ್ಯೂಷನ್ ತಪ್ಪಿದ್ದರೆ ಆ ಸಂದು ಮುಚ್ಚಿ ಒತ್ತು ಒಂದು ಬೂದು ಮುದ್ದೆ ಆಗಿರುತ್ತದೆ. ಸರಿಯಿದ್ದರೆ ಟಕಾರದ ಒತ್ತೂ ರಕಾರದ ಒತ್ತೂ ಬೇರೆ ಬೇರೆ ಕಾಣುತ್ತವೆ. ನಾನು ಯಾವ ಹೊಸ ಪರದೆ ನೋಡಿದರೂ ಮೊದಲು ಮಾಡುವ ಪರೀಕ್ಷೆ ಇದು.

ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ರೆಸಲ್ಯೂಷನ್‌ನಲ್ಲಿ "ರೆಕಮೆಂಡೆಡ್" ಅಂತ ಇರುವುದನ್ನೇ ಆರಿಸಿ. ಅಕ್ಷರ ಸಣ್ಣದಾಯಿತು ಅನಿಸಿದರೆ ಅದನ್ನು ಮುಟ್ಟಬೇಡಿ, ಮೇಲಿರುವ ಸ್ಕೇಲ್ ಅನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಿ. ಸ್ಕೇಲ್ ಏರಿಸಿದರೆ ಅಕ್ಷರ ದೊಡ್ಡದಾಗುತ್ತದೆ, ಮಸುಕಾಗುವುದಿಲ್ಲ. 27 ಇಂಚಿನ 4ಕೆ ಪರದೆಯಲ್ಲಿ ಒಂದು ಇಂಚಿಗೆ 163 ಪಿಕ್ಸೆಲ್ ಇರುತ್ತವೆ, ಅಲ್ಲಿ 150 ಬೇಕೇ ಬೇಕು. 24 ಇಂಚಿನ 1080 ಪರದೆಯಲ್ಲಿ ಇಂಚಿಗೆ 92 ಮಾತ್ರ, 100ರಲ್ಲೇ ಓದಬಹುದು. ಮುಗಿಸಿದ ಮೇಲೆ ಸ್ಟಾರ್ಟ್‌ನಲ್ಲಿ ಕ್ಲಿಯರ್‌ಟೈಪ್ ಅಂತ ಹುಡುಕಿ. ಅದು ಕೆಲವು ಮಾದರಿ ತೋರಿಸಿ ಯಾವುದು ಚೆನ್ನಾಗಿ ಕಾಣುತ್ತೆ ಅಂತ ಕೇಳುತ್ತದೆ. ಎರಡು ನಿಮಿಷದ ಕೆಲಸ, ಫಲ ದಿನವೂ ಕಾಣುತ್ತದೆ.

ಅಲ್ಲೇ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ಇದೆ. 144 ಹರ್ಟ್ಜ್ ಮಾನಿಟರ್ ತಂದು ವರ್ಷಗಟ್ಟಲೆ 60ರಲ್ಲೇ ಓಡಿಸುವವರಿದ್ದಾರೆ. ಎಷ್ಟೋ ಸಲ ಅದು ತಾನಾಗಿ ಏರುವುದಿಲ್ಲ. ರಿಫ್ರೆಶ್ ರೇಟ್‌ನ ಪಟ್ಟಿ ತೆರೆದು ದೊಡ್ಡ ಸಂಖ್ಯೆ ಆರಿಸಿ.

ಬ್ರೈಟ್‌ನೆಸ್‌ಗೆ ಒಂದು ಬಿಳಿ ಹಾಳೆ ಸಾಕು

ಹೊಸ ಮಾನಿಟರ್ ಬರುವಾಗ ಬ್ರೈಟ್‌ನೆಸ್ ತುಂಬಾ ಜಾಸ್ತಿ ಇಟ್ಟಿರುತ್ತಾರೆ. ಅಂಗಡಿಯ ಜೋರು ಬೆಳಕಿನಲ್ಲಿ ಎದ್ದು ಕಾಣಲಿ ಅಂತ. ಮನೆಯ ಕೋಣೆಗೆ ಅದರ ಅರ್ಧವೂ ಬೇಡ.

ಒಂದು ಬಿಳಿ ಹಾಳೆ ತಗೊಳ್ಳಿ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಹಾಳೆಯನ್ನು ಪರದೆಯ ಪಕ್ಕದಲ್ಲೇ ಹಿಡಿಯಿರಿ. ಪರದೆ ದೀಪದ ಥರ ಹೊಳೆದು ಹಾಳೆ ಮಂಕಾಗಿ ಕಂಡರೆ ಬ್ರೈಟ್‌ನೆಸ್ ಇಳಿಸಿ. ಹಾಳೆಯೇ ಬೆಳ್ಳಗೆ, ಪರದೆ ಕೊಳೆ ಬಣ್ಣಕ್ಕೆ ಕಂಡರೆ ಏರಿಸಿ. ಎರಡೂ ಸಮ ಅನಿಸಿದ ಜಾಗ ನಿಮ್ಮದು. ಹಗಲಿಗೊಂದು, ರಾತ್ರಿಗೊಂದು ಅಳತೆ ಬರುತ್ತದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಹಿಂದೆ ಅಂಟಿಸಿಡಿ. ರಾತ್ರಿ ಕೋಣೆಯನ್ನು ಪೂರ್ತಿ ಕತ್ತಲು ಮಾಡಿಕೊಂಡು ಕೆಲಸ ಮಾಡಬೇಡಿ, ಪರದೆಯ ಹಿಂದಿನ ಗೋಡೆಗೆ ಬೀಳುವ ಹಾಗೆ ಒಂದು ಸಣ್ಣ ದೀಪ ಇರಲಿ.

ಅದೇ ಹಾಳೆ ಬಣ್ಣಕ್ಕೂ ಆಗುತ್ತದೆ. ಪರದೆಯ ಬಿಳಿ ನೀಲಿಯಾಗಿ ಕಂಡರೆ ಮಾನಿಟರ್‌ನ ಗುಂಡಿ ಒತ್ತಿದಾಗ ಬರುವ ಮೆನುವಿನಲ್ಲಿ ಕಲರ್ ಟೆಂಪರೇಚರ್ ಹುಡುಕಿ 6500ಕ್ಕೆ ಇಡಿ, ಕೆಲವು ಮಾನಿಟರ್‌ನಲ್ಲಿ ಅದಕ್ಕೆ ನಾರ್ಮಲ್ ಅಥವಾ ವಾರ್ಮ್ ಅಂತ ಹೆಸರಿರುತ್ತದೆ. ಕಾಂಟ್ರಾಸ್ಟ್ ಹೇಗೆ ಬಂದಿದೆಯೋ ಹಾಗೇ ಬಿಡಿ. ಶಾರ್ಪ್‌ನೆಸ್ ಏರಿಸಬೇಡಿ, ಅಕ್ಷರದ ಸುತ್ತ ಬಿಳಿ ಪ್ರಭೆ ಬರುತ್ತದೆ. ಡೈನಾಮಿಕ್ ಕಾಂಟ್ರಾಸ್ಟ್ ಅಂತ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಕಪ್ಪು ಪುಟದಿಂದ ಬಿಳಿ ಪುಟಕ್ಕೆ ಹೋದಾಗೆಲ್ಲ ಬೆಳಕು ಉಬ್ಬಿ ಇಳಿಯುತ್ತಿರುತ್ತದೆ. ಪಿಕ್ಸೆಲ್ ಬೇಗ ಬಣ್ಣ ಬದಲಿಸುವ ಹಾಗೆ ಮಾಡುವ ಓವರ್‌ಡ್ರೈವ್ ಅನ್ನುವುದನ್ನು ನಡುವಿನ ಮಟ್ಟದಲ್ಲಿ ಇಡಿ. ಎಚ್‌ಡಿಎಂಐನಲ್ಲಿ ಕಪ್ಪು ಬಣ್ಣ ಬೂದಿಯಂತೆ ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆರ್‌ಜಿಬಿ ರೇಂಜ್ "ಲಿಮಿಟೆಡ್" ಆಗಿರುತ್ತದೆ, ಅದನ್ನು "ಫುಲ್" ಮಾಡಿ.

ಮೊದಲ ದಿನವೇ ಪಿಕ್ಸೆಲ್ ಪರೀಕ್ಷೆಯನ್ನೂ ಮುಗಿಸಿ. ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಇಡೀ ಪರದೆಗೆ ಹಾಕಿ ನೋಡಿ. ಯಾವಾಗಲೂ ಒಂದೇ ಬಣ್ಣಕ್ಕೆ ಹೊಳೆಯುವ ಪಿಕ್ಸೆಲ್ ಸಿಕ್ಕಿಕೊಂಡದ್ದು, ಬಣ್ಣ ವೇಗವಾಗಿ ಬದಲಿಸುವ ವೀಡಿಯೊ ಓಡಿಸಿದರೆ ಕೆಲವು ಸಲ ಬಿಡುತ್ತದೆ. ಯಾವ ಬಣ್ಣಕ್ಕೂ ಕಪ್ಪಾಗೇ ಇರುವುದು ಸತ್ತದ್ದು, ಅದಕ್ಕೆ ಮದ್ದಿಲ್ಲ. ಬೆರಳಿಂದ ಒತ್ತಿ ಸರಿಮಾಡಲು ಹೋಗಬೇಡಿ. ಫೋಟೋ ತೆಗೆದು, ಎಷ್ಟು ಪಿಕ್ಸೆಲ್ ಹೋಗಿದ್ದರೆ ಬದಲಿಸಿಕೊಡುತ್ತಾರೆ ಅಂತ ವಾರಂಟಿಯಲ್ಲಿ ಓದಿ.

ಕಣ್ಣಿಗೆ ಬಿಡುವು

ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ ಆಗುತ್ತದೆ. ಉರಿಗೆ ದೊಡ್ಡ ಕಾರಣ ಅದೇ. 20 ನಿಮಿಷಕ್ಕೊಮ್ಮೆ, 20 ಸೆಕೆಂಡ್, 20 ಅಡಿ ಅಂದರೆ ಸುಮಾರು 6 ಮೀಟರ್ ದೂರದ ಏನನ್ನಾದರೂ ನೋಡಿ ಅನ್ನುವ ಲೆಕ್ಕ ನೆನಪಿಡುವುದು ಸುಲಭ. ಆ ಹೊತ್ತಿನಲ್ಲಿ ನಾಲ್ಕೈದು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆಯಿರಿ. ಫ್ಯಾನ್ ಅಥವಾ ಎಸಿಯ ಗಾಳಿ ನೇರ ಮುಖಕ್ಕೆ ಹೊಡೆಯದಿರಲಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕುವ ಮೊದಲು ಇದಿಷ್ಟು ಮಾಡಿ. ಅಮೆರಿಕದ ನೇತ್ರತಜ್ಞರ ಸಂಸ್ಥೆ ಅಮೆರಿಕನ್ ಅಕಾಡೆಮಿ ಆಫ್ ಆಫ್ತಲ್ಮಾಲಜಿ ಕೂಡ ಕಂಪ್ಯೂಟರ್ ಕೆಲಸಕ್ಕೆ ಅಂಥ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ. ಇಷ್ಟು ಮಾಡಿಯೂ ಉರಿ, ತಲೆನೋವು ನಿಲ್ಲದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಕನ್ನಡಕದ ಪವರ್ ಬದಲಾಗಿರಬಹುದು.

ಒರೆಸುವುದು

ಈ ಭಾಗ ದಯವಿಟ್ಟು ನಿಧಾನವಾಗಿ ಓದಿ. ನಾನು ಒಂದು ಮಾನಿಟರ್ ಕಳೆದುಕೊಂಡದ್ದು ಒರೆಸುವಾಗಲೇ.

ಪರದೆಯ ಮೇಲೆ ಬೆರಳಚ್ಚು ಜಾಸ್ತಿ ಆಗಿತ್ತು. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇಯನ್ನು ನೇರ ಪರದೆಗೆ ಹೊಡೆದೆ. ಎರಡು ಹನಿ ಕೂಡಿಕೊಂಡು ಒಂದು ಗೆರೆಯಾಗಿ ಕೆಳಗೆ ಇಳಿಯಿತು, ನಾನು ಬಟ್ಟೆ ಹಿಡಿಯುವಷ್ಟರಲ್ಲಿ ಕೆಳಗಿನ ಪಟ್ಟಿಯ ಸಂದಿನಲ್ಲಿ ಮಾಯವಾಯಿತು. ಅವತ್ತು ಏನೂ ಆಗಲಿಲ್ಲ. ಮರುದಿನ ಆನ್ ಮಾಡಿದಾಗ ಅದೇ ಜಾಗದಿಂದ ಮೇಲಿನವರೆಗೂ ನೆಟ್ಟಗೆ ಒಂದು ಗೆರೆ. ವಾರದೊಳಗೆ ಅದರ ಪಕ್ಕ ಇನ್ನಷ್ಟು. ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಪಿಕ್ಸೆಲ್ ಕಂಬಸಾಲುಗಳಿಗೆ ಸಿಗ್ನಲ್ ಕೊಡುವ ತೆಳು ಪಟ್ಟಿಗಳು ಗಾಜಿನ ಅಂಚಿಗೇ ಅಂಟಿಕೊಂಡಿರುತ್ತವೆ. ಅಲ್ಲಿಗೆ ನೀರು ಇಳಿದರೆ ರಿಪೇರಿ ಬಹಳ ಕಷ್ಟ. ಎರಡು ಹನಿಯಿಂದ ಇಡೀ ಪರದೆ ಹೋಯಿತು.

ಸರಿಯಾದ ಕ್ರಮ ಹೀಗಿದೆ. ಮಾನಿಟರ್ ಆಫ್ ಮಾಡಿ, ಪ್ಲಗ್ ತೆಗೆಯಿರಿ, ಹತ್ತು ನಿಮಿಷ ತಣ್ಣಗಾಗಲು ಬಿಡಿ. ಕಪ್ಪು ಪರದೆಯಲ್ಲಿ ಕೊಳೆಯೂ ಚೆನ್ನಾಗಿ ಕಾಣುತ್ತದೆ. ಮೊದಲು ಒಣಗಿದ ಶುದ್ಧ ಮೈಕ್ರೋಫೈಬರ್ ಬಟ್ಟೆಯಿಂದ ಭಾರ ಹಾಕದೆ ಮೇಲಿಂದ ಕೆಳಕ್ಕೆ ಧೂಳು ಎಳೆಯಿರಿ. ಧೂಳು ಹೋಗುವ ಮೊದಲು ಉಜ್ಜಿದರೆ ಅದರಲ್ಲಿರುವ ಮರಳಿನ ಕಣವೇ ಪರದೆಯನ್ನು ಗೀಚುತ್ತದೆ. ಹೆಚ್ಚಿನ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಇನ್ನೂ ಕಲೆ ಉಳಿದಿದ್ದರೆ ಬಟ್ಟೆಯ ಒಂದು ಮೂಲೆಗೆ ಡಿಸ್ಟಿಲ್ಡ್ ವಾಟರ್ ಸ್ವಲ್ಪ ಹಾಕಿ ಹಿಂಡಿ. ಒತ್ತಿದರೆ ಹನಿ ಬರಬಾರದು, ಬರೀ ತಂಪು ತಗುಲಬೇಕು. ನಲ್ಲಿ ನೀರಿನಲ್ಲಿ ಉಪ್ಪಿನಂಶ ಇದ್ದರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ, ಅದಕ್ಕೇ ಡಿಸ್ಟಿಲ್ಡ್. ಕಲೆಯ ಮೇಲೆ ಬಟ್ಟೆ ಇಟ್ಟು ಎರಡು ಸೆಕೆಂಡ್ ಬಿಡಿ, ಅದು ನೆನೆಯಲಿ. ಆಮೇಲೆ ಮೆಲ್ಲಗೆ ಎಳೆಯಿರಿ. ಹೋಗಲಿಲ್ಲವೇ, ಮತ್ತೆ ನೆನೆಸಿ. ಒತ್ತಡ ಜಾಸ್ತಿ ಮಾಡಬೇಡಿ. ಕೊನೆಗೆ ಒಣ ಭಾಗದಿಂದ ಒಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಕರೆಂಟ್ ಕೊಡಿ.

ಅಮೋನಿಯಾ ಇರುವ ಗಾಜಿನ ಕ್ಲೀನರ್, ಅಸಿಟೋನ್, ಥಿನ್ನರ್, ಸೋಪಿನ ಪುಡಿ ಹತ್ತಿರ ತರಬೇಡಿ. ಪ್ರತಿಫಲನ ತಡೆಯಲು ಪರದೆಗೆ ಹಚ್ಚಿರುವ ಲೇಪ ಇವುಗಳಿಂದ ಎದ್ದುಹೋಗುತ್ತದೆ, ಮೋಡ ಕವಿದ ಹಾಗೆ ತೇಪೆ ತೇಪೆ ಆಗುತ್ತದೆ. ಆಲ್ಕೋಹಾಲ್ ಇರುವ ದ್ರಾವಣವನ್ನು ತಯಾರಕರು ಕೈಪಿಡಿಯಲ್ಲಿ ಒಪ್ಪಿದ್ದರೆ ಮಾತ್ರ ಬಳಸಿ. ಟಿಶ್ಯೂ ಪೇಪರ್, ನ್ಯೂಸ್‌ಪೇಪರ್, ಹಳೇ ಟವೆಲ್ ಬೇಡ, ಕೈಗೆ ಮೆತ್ತಗಿದ್ದರೂ ಲೇಪಕ್ಕೆ ಅವು ಒರಟು. ಮೈಕ್ರೋಫೈಬರ್ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದರ ಜಿಡ್ಡು ಪರದೆಗೆ ಮೆತ್ತಿಕೊಳ್ಳುತ್ತದೆ. ಹಿಂಭಾಗದ ಗಾಳಿ ಕಿಂಡಿಗಳ ಧೂಳನ್ನು ತಿಂಗಳಿಗೊಮ್ಮೆ ಮೆತ್ತನೆ ಬ್ರಷ್‌ನಿಂದ ತೆಗೆದರೆ ಸಾಕು.

ಕರೆಂಟ್, ಬಿಸಿ, ಅಚ್ಚು

ವೋಲ್ಟೇಜ್ ಏರಿಳಿತ ಇರುವ ಕಡೆ ಸರ್ಜ್ ಪ್ರೊಟೆಕ್ಟರ್ ಅಥವಾ ಯುಪಿಎಸ್ ಮೂಲಕವೇ ಕೊಡಿ. ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತುಬಿಡಿ. ಬೆನ್ನ ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ, ಕಿಂಡಿಗಳ ಮೇಲೆ ಬಟ್ಟೆ ಹೊದಿಸಬೇಡಿ. ನೇರ ಬಿಸಿಲು ಬೀಳುವ ಕಡೆ ಇಡಬೇಡಿ.

ಸ್ಕ್ರೀನ್ ಸೇವರ್ ಹುಟ್ಟಿದ್ದು ಹಳೆಯ ಡಬ್ಬಿಯಂಥ ಸಿಆರ್‌ಟಿ ಮಾನಿಟರ್‌ಗಳಿಗೆ. ಒಂದೇ ಚಿತ್ರ ನಿಂತರೆ ಪರದೆಯ ಒಳಗಿನ ಬೆಳಗುವ ಲೇಪ (ಫಾಸ್ಫರ್) ಸುಟ್ಟು ಅಚ್ಚು ಉಳಿಯುತ್ತಿತ್ತು. ಎಲ್‌ಸಿಡಿಗೆ ಅದು ಬೇಕಿಲ್ಲ, ಹತ್ತು ನಿಮಿಷಕ್ಕೆ ಪರದೆ ಆರುವ ಹಾಗೆ ಪವರ್ ಸೆಟ್ಟಿಂಗ್ ಮಾಡಿ. ಓಎಲ್‌ಇಡಿ ಮಾನಿಟರ್ ಇರುವವರು ಮಾತ್ರ ಜಾಗ್ರತೆ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ದಿನವೆಲ್ಲ ಒಂದೇ ಜಾಗದಲ್ಲಿ ನಿಲ್ಲುವ ಟಾಸ್ಕ್‌ಬಾರ್‌ನಂಥವು ನಿಧಾನವಾಗಿ ಅಚ್ಚಾಗುತ್ತವೆ. ಟಾಸ್ಕ್‌ಬಾರ್ ತಾನಾಗಿ ಮರೆಯಾಗುವ ಹಾಗೆ ಮಾಡಿ, ಬ್ರೈಟ್‌ನೆಸ್ ಮಿತವಾಗಿಡಿ. ಆಫ್ ಮಾಡಿದ ಮೇಲೆ ಗೋಡೆಯ ಸ್ವಿಚ್ ತಕ್ಷಣ ಆರಿಸಬೇಡಿ. ಆ ಹೊತ್ತಿನಲ್ಲಿ ಅದು ಪಿಕ್ಸೆಲ್‌ಗಳನ್ನು ಸರಿದೂಗಿಸುವ ಕೆಲಸ ಮಾಡುತ್ತಿರುತ್ತದೆ.

"ನೋ ಸಿಗ್ನಲ್" ಅಂದಾಗ

ಗಾಬರಿ ಬೇಡ. ಮಾನಿಟರ್ ಆ ಮಾತು ತೋರಿಸುತ್ತಿದೆ ಅಂದರೆ ಪ್ಯಾನೆಲ್ ಬದುಕಿದೆ. ಮೆನುವಿನಲ್ಲಿ ಇನ್‌ಪುಟ್ ನೋಡಿ, ಕೇಬಲ್ ಡಿಸ್‌ಪ್ಲೇ ಪೋರ್ಟ್‌ಗೆ ಹಾಕಿ ಮಾನಿಟರ್ ಎಚ್‌ಡಿಎಂಐ ಹುಡುಕುತ್ತಿರಬಹುದು. ಕೇಬಲ್‌ನ ಎರಡೂ ತಲೆ ಬಿಚ್ಚಿ ಮತ್ತೆ ಗಟ್ಟಿಯಾಗಿ ಹಾಕಿ. ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ "ಎಕ್ಸ್‌ಟೆಂಡ್" ಅಥವಾ "ಡೂಪ್ಲಿಕೇಟ್" ಆರಿಸಿ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವುದನ್ನು ನೋಡಿಕೊಳ್ಳುವ ತಂತ್ರಾಂಶ, ಮತ್ತೆ ಶುರುವಾಗುತ್ತದೆ. ಇದಕ್ಕೂ ಬಗ್ಗದಿದ್ದರೆ ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಹಾಕಿ. ಕೊನೆಗೆ ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಾಕಿ ನೋಡಿದರೆ ತಪ್ಪು ಯಾರದು ಅಂತ ಖಚಿತವಾಗುತ್ತದೆ.

ಪರದೆ ಮಿನುಗುತ್ತಿದ್ದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಉಳಿದದ್ದರ ಜೊತೆ ಅದೂ ಮಿನುಗಿದರೆ ಡಿಸ್‌ಪ್ಲೇ ಡ್ರೈವರ್ ಕಡೆಯ ದೋಷ ಇರಬಹುದು, ಅದು ಮಾತ್ರ ಸ್ಥಿರವಾಗಿದ್ದರೆ ಯಾವುದೋ ಅಪ್ಲಿಕೇಷನ್‌ನದು. ಮಾನಿಟರ್‌ನ ಸ್ವಂತ ಮೆನುವೇ ಮಿನುಗಿದರೆ ಮಾನಿಟರನ್ನೇ ತೋರಿಸಬೇಕು.

ಹಿಂಬದಿ ಕವಚವನ್ನು ಮಾತ್ರ ನೀವೇ ಬಿಚ್ಚಬೇಡಿ. ಪವರ್ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ಕರೆಂಟ್ ಉಳಿದಿರುತ್ತದೆ. ಹಳೆಯ ಸಿಆರ್‌ಟಿ ಆದರಂತೂ ಒಳಗೆ ಸಾವಿರಾರು ವೋಲ್ಟ್.

ಸಾಗಿಸಬೇಕಾದರೆ ಸ್ಟ್ಯಾಂಡ್ ಬಿಚ್ಚಿ, ಮೂಲ ಡಬ್ಬಿಯಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಮಲಗಿಸಿ ಮೇಲೆ ಇನ್ನೊಂದು ಇಡಬೇಡಿ. ಇನ್ನು ಕೆಲಸಕ್ಕೆ ಬಾರದು ಅಂತಾದಾಗ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಎಲ್‌ಇಡಿ ಬರುವ ಮೊದಲಿನ ಎಲ್‌ಸಿಡಿಗಳಲ್ಲಿ ಪರದೆಯ ಹಿಂದಿನ ಸಣ್ಣ ಟ್ಯೂಬ್‌ಗಳಲ್ಲಿ ಪಾದರಸ ಇದೆ, ಒಡೆಯಬಾರದು. ಕೊಡುವ ಮೊದಲು ಪವರ್ ಕಾರ್ಡ್ ಬಿಚ್ಚಿಟ್ಟುಕೊಳ್ಳಿ, ಎಷ್ಟೋ ಸಲ ಅದು ಮುಂದಿನ ಮಾನಿಟರ್‌ಗೂ ಹೊಂದುತ್ತದೆ.